ನೀವು ನೋಡಿದ ಪ್ರತಿ ಯಾವುದು?

ನಮಸ್ಕಾರ ಕೇಳುಗರೇ. ಸಿನಿಮಾ ಮೇಲೆ ಪಿಎಚ್.ಡಿ ಮಾಡುತ್ತಿರುವವರು, ಎಂ.ಎ. ಕಿರುಪ್ರಬಂಧ ಬರೆಯಲು ಕೂತವರು, ಸೆಮಿನಾರಿಗೆ ಲೇಖನ ಸಿದ್ಧ ಮಾಡುತ್ತಿರುವವರು ಯಾರಾದರೂ ಕೇಳುತ್ತಿದ್ದರೆ ಸ್ವಲ್ಪ ಹೊತ್ತು ರೇಡಿಯೊ ಆರಿಸಬೇಡಿ. ನಾನು ಹೇಳುವುದು ಒಂದೇ ಮಾತು. ಸಿನಿಮಾದ ಬಗ್ಗೆ ಬರೆಯುವಾಗ, ನೀವು ನೋಡಿದ ಪ್ರತಿ ಯಾವುದು, ಅದನ್ನು ಬರೆಯಿರಿ.

ಪುಸ್ತಕದ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳು ಬಹಳ ಶಿಸ್ತು. ಲೇಖಕರು, ಪ್ರಕಾಶಕರು, ಎಷ್ಟನೇ ಮುದ್ರಣ, ಯಾವ ಪುಟ, ಎಲ್ಲ ಇರುತ್ತದೆ. ಅದೇ ಪ್ರಬಂಧದಲ್ಲಿ ಸಿನಿಮಾ ಬಂತೋ, ಒಂದು ಹೆಸರು, ಪಕ್ಕದಲ್ಲಿ 'ಯೂಟ್ಯೂಬ್' ಅಂತ ಒಂದು ಪದ. ಮುಗಿಯಿತು. ಆಕರ ಅಂತ ಬರೀ 'ಗ್ರಂಥಾಲಯ' ಎಂದು ಬರೆದರೆ ಯಾವ ಗೈಡ್ ಒಪ್ಪುತ್ತಾರೆ ಹೇಳಿ?

ಕಾಂತಾರದ ಕತೆ ಕೇಳಿ. 2022ರ ಸೆಪ್ಟೆಂಬರ್ 30ಕ್ಕೆ ಸಿನಿಮಾ ಥಿಯೇಟರಿಗೆ ಬಂತು. 'ವರಾಹ ರೂಪಂ' ಹಾಡು ಮನೆಮನೆಯಲ್ಲೂ ಕೇಳತೊಡಗಿತು. ಅಷ್ಟರಲ್ಲಿ ಕೇರಳದ ಥೈಕ್ಕುಡಂ ಬ್ರಿಡ್ಜ್ ಎಂಬ ಸಂಗೀತ ತಂಡ, ಇದು ನಮ್ಮ 'ನವರಸಂ' ಹಾಡನ್ನು ಹೋಲುತ್ತದೆ ಎಂದು ಕೋರ್ಟಿಗೆ ಹೋಯಿತು. ಹಾಡಿಗೆ ತಡೆ ಬಂತು. ನವೆಂಬರ್ 24ಕ್ಕೆ ಸಿನಿಮಾ ಅಮೆಜಾನ್ ಪ್ರೈಮ್‌ಗೆ ಬಂದಾಗ, ಥಿಯೇಟರಿನಲ್ಲಿ ನೋಡಿ ಮೆಚ್ಚಿದ್ದವರೆಲ್ಲ ಮನೆಯಲ್ಲಿ ಮತ್ತೆ ಹಾಕಿಕೊಂಡು ಕೂತರು. ಹಾಡು ಶುರುವಾಯಿತು. ಸಾಹಿತ್ಯ ಅದೇ. ರಾಗ ಬೇರೆ! ಜನ ಬೇಜಾರಾದರು, ಹಳೆಯ ಹಾಡೇ ಬೇಕು ಎಂದರು. ಆಮೇಲೆ ಮೂಲ ಹಾಡು ವಾಪಸ್ ಬಂತು.

ಈಗ ಒಬ್ಬ ಹುಡುಗಿ ಭೂತಕೋಲ ಮತ್ತು ಸಿನಿಮಾ ಸಂಗೀತದ ಬಗ್ಗೆ ಪ್ರಬಂಧ ಬರೆಯುತ್ತಿದ್ದಾಳೆ ಅಂತ ಇಟ್ಟುಕೊಳ್ಳಿ. ಪ್ರೈಮ್‌ಗೆ ಬಂದ ದಿನವೇ ನೋಡಿದಳು. ಸ್ವರ ಇಲ್ಲಿ ಏರುತ್ತದೆ, ಇಲ್ಲಿ ತಡೆದು ನಿಲ್ಲುತ್ತದೆ ಎಂದು ಕಷ್ಟಪಟ್ಟು ಎರಡು ಪುಟ ಬರೆದಳು. ಆಕರಸೂಚಿಯಲ್ಲಿ ಮಾತ್ರ 'ಕಾಂತಾರ, 2022' ಅಷ್ಟೇ. ವರ್ಷ ಬಿಟ್ಟು ಪರೀಕ್ಷಕರು ಅದೇ ಆ್ಯಪಿನಲ್ಲಿ ಅದೇ ಸಿನಿಮಾ ಹಾಕಿ ಕೇಳುತ್ತಾರೆ. ಅವಳು ವರ್ಣಿಸಿದ ರಾಗ ಅಲ್ಲಿಲ್ಲ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಏನಂತ ಹೇಳುತ್ತಾಳೆ? ಅವಳು ಬರೆದದ್ದು ಸತ್ಯ, ಆದರೆ ತೋರಿಸಲು ದಾರಿಯೇ ಇಲ್ಲ. 'ಅಮೆಜಾನ್ ಪ್ರೈಮ್ ವಿಡಿಯೊ, ನೋಡಿದ ದಿನಾಂಕ 24 ನವೆಂಬರ್ 2022' ಎಂಬ ಅರ್ಧ ಸಾಲು ಅವಳನ್ನು ಕಾಪಾಡುತ್ತಿತ್ತು. ಅರ್ಧ ಸಾಲು! ಇದಕ್ಕೂ ಸೋಮಾರಿತನವೇ?

ಹಳೆಯ ಸಿನಿಮಾಗಳದೂ ಇದೇ ಪಾಡು. 'ಸತ್ಯ ಹರಿಶ್ಚಂದ್ರ' 1965ರದು, ಕಪ್ಪು ಬಿಳುಪು. 2008ರಲ್ಲಿ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದರು. 1971ರ 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ ಬಣ್ಣ ಬಂತು. ನೆರಳು ಬೆಳಕಿನ ಬಗ್ಗೆ ಬರೆಯುವವರು ಬಣ್ಣದ ಪ್ರತಿ ನೋಡಿ 1971 ಎಂದು ಹಾಕಿದರೆ ಓದುವವರು ಏನೆಂದುಕೊಳ್ಳಬೇಕು? ಎರಡೂ ವರ್ಷ ಹಾಕಿ. 1977ರ 'ಘಟಶ್ರಾದ್ಧ'ವನ್ನು ಹೊಸದಾಗಿ ಸಂಸ್ಕರಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನೀವು ನೋಡಿದ್ದು ಅದಾದರೆ ಅದನ್ನೇ ಹೇಳಿ.

ದೃಶ್ಯ ಎಷ್ಟನೇ ನಿಮಿಷದಲ್ಲಿ ಬರುತ್ತದೆ ಅನ್ನುವುದನ್ನೂ ಬರೆಯಬೇಕು, ಸಿನಿಮಾಕ್ಕೆ ಅದೇ ಪುಟಸಂಖ್ಯೆ. ಆದರೆ ಪ್ರತಿ ಯಾವುದೆಂದು ಹೇಳದಿದ್ದರೆ ಆ ನಿಮಿಷವೂ ಸುಮ್ನೆ. ಥಿಯೇಟರಿನಲ್ಲಿ ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ನಮ್ಮ ಟಿವಿಯ ಪಾಲ್ (PAL) ಎಂಬ ಪದ್ಧತಿಯಲ್ಲಿ 25. ಎರಡೂವರೆ ಗಂಟೆಯ ಸಿನಿಮಾ ಪಾಲ್ ಡಿವಿಡಿಯಲ್ಲಿ 144 ನಿಮಿಷಕ್ಕೇ ಮುಗಿಯುತ್ತದೆ. ಒಂದು ದೃಶ್ಯವನ್ನೂ ಕತ್ತರಿಸದೆ ಆರು ನಿಮಿಷ ಮಾಯ! ಇನ್ನು ಯೂಟ್ಯೂಬಿನಲ್ಲಿ ಒಂದೇ ಸಿನಿಮಾ ನಾಲ್ಕಾರು ಚಾನೆಲ್‌ಗಳಲ್ಲಿ ಇರುತ್ತದೆ. ಒಂದರಲ್ಲಿ ಹಾಡಿಲ್ಲ, ಇನ್ನೊಂದರಲ್ಲಿ ಕೊನೆಯ ರೀಲೇ ಇಲ್ಲ. ಹಾಗಾಗಿ ಚಾನೆಲ್ ಹೆಸರು, ಅಪ್‌ಲೋಡ್ ಆದ ದಿನಾಂಕ, ಲಿಂಕ್, ನೀವು ನೋಡಿದ ದಿನ, ಇಷ್ಟೂ ಬೇಕು.

ಮತ್ತೆ, ದಯವಿಟ್ಟು ಸಿನಿಮಾದ ಶುರುವನ್ನು ಓಡಿಸಬೇಡಿ. ಮೊದಲು ಬರುವ ಸೆನ್ಸಾರ್ ಸರ್ಟಿಫಿಕೇಟ್ ಮೇಲೆ ವಿಡಿಯೊ ನಿಲ್ಲಿಸಿ ಓದಿ. ಹಳೆಯ ಸಿನಿಮಾ ಆದರೆ ಉದ್ದ ಎಷ್ಟು ಮೀಟರ್, ಎಷ್ಟು ರೀಲು, ಯಾವ ದಿನಾಂಕ, ಎಲ್ಲ ಅಲ್ಲೇ ಇದೆ. 35 ಎಂಎಂ ರೀಲು ನಿಮಿಷಕ್ಕೆ ಸುಮಾರು 27 ಮೀಟರ್ ಓಡುತ್ತದೆ. ಸರ್ಟಿಫಿಕೇಟಿನ ಮೀಟರನ್ನು 27ರಿಂದ ಭಾಗಿಸಿ ನೋಡಿದರೆ ಸಿನಿಮಾ ಎಷ್ಟು ನಿಮಿಷದ್ದು, ನಿಮ್ಮ ಪ್ರತಿ ಪೂರ್ತಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಟೈಟಲ್ ಕಾರ್ಡನ್ನೂ ಬಿಡಬೇಡಿ. 'ವಂಶವೃಕ್ಷ'ಕ್ಕೆ ಬಿ.ವಿ. ಕಾರಂತ, ಗಿರೀಶ ಕಾರ್ನಾಡ ಇಬ್ಬರೂ ನಿರ್ದೇಶಕರು. ಒಬ್ಬರನ್ನೇ ಬರೆದು ಇನ್ನೊಬ್ಬರನ್ನು ಮರೆಯುವುದು ಅನ್ಯಾಯ ಅಲ್ವಾ?

ಸಮಯ ಆಗುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಆಕರಸೂಚಿ ಬರೆಯಲು ಎಂಎಲ್‌ಎ (MLA) ಶೈಲಿಯೋ ಎಪಿಎ (APA) ಶೈಲಿಯೋ ಎಂದು ತುಂಬ ಜನ ಕೇಳುತ್ತಾರೆ. ನಿಮ್ಮ ವಿಶ್ವವಿದ್ಯಾಲಯ ಹೇಳಿದ್ದನ್ನು ಹಿಡಿಯಿರಿ. ಎಪಿಎಯಲ್ಲಿ ನಿರ್ದೇಶಕರ ಹೆಸರು ಮೊದಲು ಬರುತ್ತದೆ, ಯಾವ ಆ್ಯಪಿನಲ್ಲಿ ನೋಡಿದಿರಿ ಎಂದು ಅದು ಕೇಳುವುದಿಲ್ಲ. ಕೇಳದಿದ್ದರೂ ಅಡಿಟಿಪ್ಪಣಿಯಲ್ಲಿ ಬರೆಯಿರಿ.

ಕೊನೆಗೆ 'ಸತಿ ಸುಲೋಚನಾ'. 1934ರ ಈ ಮೊದಲ ಕನ್ನಡ ವಾಕ್ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಅದನ್ನು 'ನೋಡಿದ ಚಿತ್ರಗಳು' ಪಟ್ಟಿಗೆ ಸೇರಿಸಬೇಡಿ. ಅದರ ಬಗ್ಗೆ ಯಾವ ಪತ್ರಿಕೆಯಲ್ಲಿ, ಯಾವ ಪುಸ್ತಕದಲ್ಲಿ ಓದಿದಿರೋ ಅದರ ಹೆಸರು ಹಾಕಿ, ಪುಟಸಂಖ್ಯೆ ಸಮೇತ. ನಮಸ್ಕಾರ.