ಕರೆಂಟು ದಣಿಯದ ಸುರುಳಿಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ತಂತಿಯಲ್ಲಿ ಕರೆಂಟು ಹರಿದರೆ ತಂತಿ ಬಿಸಿಯಾಗುತ್ತದೆ. ಎಷ್ಟೇ ಒಳ್ಳೆಯ ತಾಮ್ರವಾದರೂ ಅಷ್ಟಿಷ್ಟು ತಡೆ ಒಡ್ಡಿಯೇ ಒಡ್ಡುತ್ತದೆ. ಆ ತಡೆ ಪೂರ್ತಿ ಇಲ್ಲವಾಗುವ ಸ್ಥಿತಿಯೊಂದು ಉಂಟು ಅಂತ ಮೊದಲು ಕಂಡದ್ದು 1911ರಲ್ಲಿ, ಹಾಲೆಂಡಿನ ಲೈಡನ್ ನಗರದಲ್ಲಿ. ಹೈಕೆ ಕಾಮರ್ಲಿಂಗ್ ಓನ್ಸ್ ಅಲ್ಲಿ ದ್ರವ ಹೀಲಿಯಂ ಬಳಸಿ ಪಾದರಸವನ್ನು ತಣಿಸುತ್ತಾ ಹೋದರು. ಮೈನಸ್ 269 ಡಿಗ್ರಿಯ ಹತ್ತಿರ ಅದರ ತಡೆ ಇದ್ದಕ್ಕಿದ್ದಂತೆ ಮಾಯವಾಯಿತು. ಇಂಥ ವಸ್ತುಗಳನ್ನು ಅತಿವಾಹಕಗಳು ಅನ್ನುತ್ತೇವೆ.

ಬಿಸಿಯಾಗದ ತಂತಿ ಸಿಕ್ಕರೆ ಅದರಿಂದ ಎಷ್ಟು ಬಲವಾದ ಅಯಸ್ಕಾಂತ ಬೇಕಾದರೂ ಮಾಡಬಹುದು, ಅಲ್ವಾ? ಓನ್ಸ್ ಅವರಿಗೂ ಹಾಗೇ ಅನ್ನಿಸಿತ್ತು. ಸೀಸದ ಸುರುಳಿ ಮಾಡಿ ನೋಡಿದರು. ಆದರೆ ಕಾಂತಕ್ಷೇತ್ರ ಸ್ವಲ್ಪ ಏರಿದೊಡನೆ ಆ ಕ್ಷೇತ್ರವೇ ಸೀಸದ ಅತಿವಾಹಕ ಗುಣವನ್ನು ಕೊಂದುಹಾಕಿತು. ಅತಿವಾಹಕಕ್ಕೆ ಮೂರು ಮಿತಿಗಳಿವೆ: ಬಿಸಿ, ಕಾಂತಕ್ಷೇತ್ರ, ಕರೆಂಟು. ಇವುಗಳಲ್ಲಿ ಯಾವುದೊಂದು ಮೀರಿದರೂ ತಡೆ ಮರಳಿ ಬರುತ್ತದೆ. ಅತಿವಾಹಕದ ಬಲದಿಂದ ತೇಲುವ ರೈಲು, ಅತಿವಾಹಕದ ವಿದ್ಯುತ್ ಉಪಕರಣಗಳು, ಹೀಗೆ ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಈ ಮಿತಿಗಳ ಸುತ್ತಲೇ ಇದೆ.

ದಾರಿ ತೆರೆದದ್ದು ಐವತ್ತು ವರ್ಷ ಕಳೆದ ಮೇಲೆ. 1961ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ನಯೋಬಿಯಂ ಎಂಬ ಲೋಹ ಮತ್ತು ತವರದ ಸಂಯುಕ್ತವೊಂದು 8.8 ಟೆಸ್ಲಾ ಕ್ಷೇತ್ರದಲ್ಲೂ (ಟೆಸ್ಲಾ ಅಂದರೆ ಕಾಂತಕ್ಷೇತ್ರವನ್ನು ಅಳೆಯುವ ಮಾನ) ಭಾರೀ ಕರೆಂಟನ್ನು ಹೊತ್ತು ತೋರಿಸಿತು. ಅದರ ಬೆನ್ನಿಗೇ ನಯೋಬಿಯಂ-ಟೈಟಾನಿಯಂ ಬಂತು. ಇದನ್ನು ತಂತಿಯಾಗಿ ಎಳೆಯುವುದು ಸುಲಭ. ಆಸ್ಪತ್ರೆಯ ಎಂಆರ್‌ಐ ಯಂತ್ರಗಳಲ್ಲಿ ಹೆಚ್ಚಾಗಿ ಇರುವುದು ಇದೇ ತಂತಿ.

ಈಗ ರೈಲಿಗೆ ಬರೋಣ. ಅತಿವಾಹಕ ಅಯಸ್ಕಾಂತದಿಂದ ರೈಲನ್ನು ತೇಲಿಸಬಹುದು ಎಂಬ ಯೋಜನೆಯನ್ನು 1966ರಲ್ಲಿ ಮುಂದಿಟ್ಟವರು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಜೇಮ್ಸ್ ಪೊವೆಲ್ ಮತ್ತು ಗೋರ್ಡನ್ ಡ್ಯಾನ್ಬಿ. ಅದನ್ನು ಹಿಡಿದು ಕೊನೆಮುಟ್ಟ ಹೋದವರು ಜಪಾನಿನ ಎಂಜಿನಿಯರುಗಳು. 2015ರ ಏಪ್ರಿಲ್ 21ರಂದು ಯಮನಾಶಿ ಪರೀಕ್ಷಾ ಮಾರ್ಗದಲ್ಲಿ ಅವರ ರೈಲು ಗಂಟೆಗೆ 603 ಕಿಲೋಮೀಟರ್ ವೇಗ ಮುಟ್ಟಿತು.

ಶಾಂಘೈನಲ್ಲೂ ತೇಲುವ ರೈಲಿದೆ. ಆದರೆ ಅದರಲ್ಲಿರುವುದು ಸಾಮಾನ್ಯ ವಿದ್ಯುತ್ಕಾಂತ. ಹಳಿಗೂ ಅದಕ್ಕೂ ನಡುವೆ ಸುಮಾರು 1 ಸೆಂಟಿಮೀಟರ್ ಅಂತರ ಅಷ್ಟೇ. ಆ ಅಂತರ ಕಾಯಲು ಎಲೆಕ್ಟ್ರಾನಿಕ್ ನಿಯಂತ್ರಣ ಕ್ಷಣಕ್ಷಣವೂ ಕರೆಂಟನ್ನು ತಿದ್ದುತ್ತಿರಬೇಕು. ಜಪಾನಿನ ರೈಲು ಸುಮಾರು 10 ಸೆಂಟಿಮೀಟರ್ ಮೇಲೆ ತೇಲುತ್ತದೆ. ಭೂಕಂಪ ಪದೇ ಪದೇ ಬರುವ ದೇಶದಲ್ಲಿ ಆ ಅಂತರದ ಬೆಲೆ ದೊಡ್ಡದು.

ತೇಲುವುದು ಹೇಗೆ? ರೈಲಿನ ಎರಡು ಬದಿಗಳಲ್ಲಿ ಅತಿವಾಹಕ ಸುರುಳಿಗಳಿವೆ. ಒಮ್ಮೆ ಕರೆಂಟು ತುಂಬಿ ತುದಿಗಳನ್ನು ಕೂಡಿಸಿಬಿಟ್ಟರೆ, ಹೊರಗಿನ ಸಂಪರ್ಕ ತೆಗೆದರೂ ಕರೆಂಟು ಒಳಗೇ ಸುತ್ತುತ್ತಿರುತ್ತದೆ. ಸುರುಳಿಯ ಕ್ಷೇತ್ರ ಸುಮಾರು 5 ಟೆಸ್ಲಾ, ಅಂದರೆ ಭೂಮಿಯ ಕಾಂತಕ್ಷೇತ್ರದ ಒಂದು ಲಕ್ಷ ಪಟ್ಟು. ಮಾರ್ಗದ ಗೋಡೆಗಳಲ್ಲಿ ಇಂಗ್ಲಿಷಿನ 8ರ ಅಂಕಿಯ ಆಕಾರದ ಸುರುಳಿಗಳಿವೆ. ಇವಕ್ಕೆ ಕರೆಂಟು ಕೊಡುವವರು ಯಾರೂ ಇಲ್ಲ. ರೈಲಿನ ಅಯಸ್ಕಾಂತ ಪಕ್ಕದಲ್ಲಿ ಹಾದುಹೋಗುವಾಗ ಇವುಗಳಲ್ಲಿ ತಾನಾಗಿಯೇ ಕರೆಂಟು ಹುಟ್ಟುತ್ತದೆ. ಆಗ 8ರ ಕೆಳಗಿನ ಸುತ್ತು ರೈಲನ್ನು ಮೇಲಕ್ಕೆ ತಳ್ಳುತ್ತದೆ, ಮೇಲಿನ ಸುತ್ತು ಮೇಲಕ್ಕೆ ಎಳೆಯುತ್ತದೆ. ರೈಲು ಕೆಳಗೆ ಜಾರಿದಷ್ಟೂ ಎತ್ತುವ ಬಲ ಜಾಸ್ತಿ. ನನ್ನ ಮಟ್ಟಿಗೆ ಇಡೀ ವಿನ್ಯಾಸದ ಚೆಲುವು ಇಲ್ಲೇ ಇದೆ: ಅಂತರ ಕಾಯಲು ಯಾವ ಕಂಪ್ಯೂಟರೂ ಬೇಡ. ಆದರೆ ನಿಂತ ರೈಲಿನಿಂದ ಗೋಡೆಯಲ್ಲಿ ಕರೆಂಟು ಹುಟ್ಟುವುದಿಲ್ಲ. ಹಾಗಾಗಿ ಗಂಟೆಗೆ 150 ಕಿಲೋಮೀಟರಿನ ಆಸುಪಾಸಿನವರೆಗೆ ರೈಲು ರಬ್ಬರ್ ಚಕ್ರಗಳ ಮೇಲೆಯೇ ಓಡುತ್ತದೆ.

ಕಷ್ಟ ಇದ್ದದ್ದು ರೈಲಿನ ಆ ಸುರುಳಿಗಳನ್ನು ದ್ರವ ಹೀಲಿಯಂನಲ್ಲಿ ತಣ್ಣಗೆ ಇಡುವುದರಲ್ಲಿ. ಅಷ್ಟು ಚಳಿಯಲ್ಲಿ ಲೋಹದ ಶಾಖ ಹಿಡಿದಿಡುವ ಶಕ್ತಿ ಬಹಳ ಕಡಿಮೆ. ಓಡುವ ರೈಲಿನ ಅದುರಾಟಕ್ಕೆ ಸುರುಳಿಯೊಳಗೆ ಏನೋ ಒಂದಿಷ್ಟು ಉಜ್ಜಿದರೂ ಸಾಕು, ಆ ಜಾಗ ಮಿತಿ ಮೀರಿ ಬಿಸಿಯಾಗುತ್ತದೆ. ಅಲ್ಲಿ ತಡೆ ಹುಟ್ಟುತ್ತದೆ, ತಡೆಯಿಂದ ಇನ್ನಷ್ಟು ಬಿಸಿ. ನೋಡನೋಡುತ್ತಲೇ ಇಡೀ ಸುರುಳಿ ಕೈಕೊಡುತ್ತದೆ, ಹೀಲಿಯಂ ಕುದಿದು ಆವಿಯಾಗುತ್ತದೆ. ಇದಕ್ಕೆ ಕ್ವೆಂಚ್ ಅನ್ನುತ್ತಾರೆ. ವರ್ಷಗಟ್ಟಲೆ ದುಡಿದು ಸುರುಳಿಗಳನ್ನು ಅದುರದಂತೆ ಬಿಗಿದು ಕಟ್ಟುವುದನ್ನು ಕಲಿತರಲ್ಲ, 603 ಎಂಬ ಅಂಕಿಗಿಂತ ನನಗೆ ಆ ಕೆಲಸವೇ ದೊಡ್ಡದಾಗಿ ಕಾಣುತ್ತದೆ.

ಇನ್ನು ವಿದ್ಯುತ್ ಉಪಕರಣಗಳು. ಇಲ್ಲಿ ಬೇರೆಯದೇ ತೊಡಕು. ಒಂದೇ ದಿಕ್ಕಿನಲ್ಲಿ ಒಂದೇ ಸಮನೆ ಹರಿಯುವ ಕರೆಂಟಿಗೆ ಮಾತ್ರ ಅತಿವಾಹಕದಲ್ಲಿ ನಷ್ಟವಿಲ್ಲ. ಮನೆಮನೆಗೆ ವಿದ್ಯುತ್ ಹಂಚುವ ಜಾಲದ ಕರೆಂಟು ಸೆಕೆಂಡಿಗೆ 50 ಅಥವಾ 60 ಸಲ ಹಿಂದೆ ಮುಂದೆ ಓಡಾಡುತ್ತದೆ. ಅದರಿಂದ ಅತಿವಾಹಕದಲ್ಲೂ ಸ್ವಲ್ಪ ಶಾಖ ಹುಟ್ಟುತ್ತದೆ. ಹೀಲಿಯಂನ ಚಳಿಯಲ್ಲಿ 1 ವಾಟ್ ಶಾಖ ಹೊರಗೆ ಹಾಕಬೇಕಾದರೆ ತಣಿಸುವ ಯಂತ್ರ ನೂರಾರು ವಾಟ್ ತಿನ್ನುತ್ತದೆ. ಲೆಕ್ಕ ಕೂಡಿಬರುವುದಿಲ್ಲ.

ಆ ಲೆಕ್ಕ ಬದಲಾದದ್ದು 1986ರಲ್ಲಿ. ಐಬಿಎಂನ ಜ್ಯೂರಿಕ್ ಪ್ರಯೋಗಾಲಯದ ಬೆಡ್ನೋರ್ಜ್ ಮತ್ತು ಮುಲ್ಲರ್ ತಾಮ್ರದ ಆಕ್ಸೈಡ್ ಇರುವ ಪಿಂಗಾಣಿಯಂಥ ವಸ್ತುವಿನಲ್ಲಿ ಅತಿವಾಹಕತೆ ಕಂಡರು. ಮರುವರ್ಷವೇ ಅವರಿಗೆ ನೊಬೆಲ್ ಬಂತು. ಅದೇ 1987ರಲ್ಲಿ ಸಿಕ್ಕ ಇನ್ನೊಂದು ಆಕ್ಸೈಡಿಗೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕವೇ ಸಾಕಾಯಿತು. ಸಾರಜನಕ ಅಗ್ಗ, ಗಾಳಿಯಲ್ಲಿ ಬೇಕಾದಷ್ಟಿದೆ. 2014ರಲ್ಲಿ ಜರ್ಮನಿಯ ಎಸ್ಸೆನ್ ನಗರದಲ್ಲಿ ಇಂಥ ಕೇಬಲ್ ಸುಮಾರು 1 ಕಿಲೋಮೀಟರ್ ಉದ್ದಕ್ಕೆ ನೆಲದಡಿ ಕೆಲಸ ಶುರುಮಾಡಿತು. ಬರೀ 10 ಸಾವಿರ ವೋಲ್ಟಿನಲ್ಲಿ 40 ಮೆಗಾವಾಟ್ ಸಾಗಿಸುವ ಸಾಮರ್ಥ್ಯ ಅದಕ್ಕಿತ್ತು.

ಆ ಕೇಬಲ್ ಜೊತೆ ಇನ್ನೊಂದು ಉಪಕರಣವೂ ಇತ್ತು. ನನಗೆ ತುಂಬ ಇಷ್ಟವಾದದ್ದು ಅದು. ಜಾಲದಲ್ಲಿ ಶಾರ್ಟ್ ಸರ್ಕ್ಯೂಟ್ ಆದಾಗ ಕರೆಂಟು ನುಗ್ಗಿ ಬರುತ್ತದೆ. ಟ್ರಾನ್ಸ್‌ಫಾರ್ಮರು, ಬ್ರೇಕರು ಎಲ್ಲಕ್ಕೂ ಅಪಾಯ. ದಾರಿಯಲ್ಲಿ ಅತಿವಾಹಕದ ತುಂಡೊಂದನ್ನು ಇಟ್ಟರೆ, ಮಾಮೂಲಿ ದಿನಗಳಲ್ಲಿ ಅದು ಇದೆಯೆಂದೇ ಗೊತ್ತಾಗುವುದಿಲ್ಲ. ಕರೆಂಟು ಮಿತಿ ಮೀರಿದ ಕೆಲವೇ ಮಿಲಿಸೆಕೆಂಡುಗಳಲ್ಲಿ ತಡೆ ಹುಟ್ಟಿ, ನುಗ್ಗುವ ಕರೆಂಟನ್ನು ತಗ್ಗಿಸುತ್ತದೆ. ಯಾರೂ ಗುಂಡಿ ಒತ್ತಬೇಕಿಲ್ಲ. ತಣ್ಣಗಾದ ಮೇಲೆ ಮೊದಲಿನಂತೆ ಆಗುತ್ತದೆ. ರೈಲಿನವರು ಹೆದರಿದ ಅದೇ ಕ್ವೆಂಚ್ ಇಲ್ಲಿ ಕಾವಲುಗಾರ!

ಹೊಸ ಆಕ್ಸೈಡುಗಳು ರೈಲಿಗೂ ಹತ್ತಿವೆ. ಇವುಗಳ ಸುರುಳಿಯನ್ನು ಹೀಲಿಯಂನಷ್ಟು ಚಳಿಗೆ ಇಳಿಸಬೇಕಿಲ್ಲ, ಚಿಕ್ಕ ಅದುರಾಟಕ್ಕೆ ಅವು ಬೆದರುವುದೂ ಕಡಿಮೆ. 2005ರಲ್ಲೇ ಯಮನಾಶಿ ಮಾರ್ಗದಲ್ಲಿ ಇಂಥ ಅಯಸ್ಕಾಂತ ಹೊತ್ತ ರೈಲು ಗಂಟೆಗೆ 550 ಕಿಲೋಮೀಟರ್ ದಾಟಿ ಓಡಿತು. ಅದನ್ನು ತಣಿಸಿದ್ದು ರೈಲಿನಲ್ಲೇ ಇದ್ದ ಶೀತಕ ಯಂತ್ರ. ದ್ರವ ಹೀಲಿಯಂ ಬೇಕಾಗಲಿಲ್ಲ.

ನಮಸ್ಕಾರ.