ನೀರು ನಿಲ್ಲದ ಕಾಲುವೆ

ಎಲ್ಲರಿಗೂ ನಮಸ್ಕಾರ. ಇವತ್ತು ಐರ್ಲೆಂಡಿನ ಒಂದು ಪುಟ್ಟ ಹಳ್ಳಿಯ ಕಥೆ ಹೇಳುತ್ತೇನೆ. ಹಳ್ಳಿಯ ಹೆಸರು ಕಾಂಗ್. ದೇಶದ ಪಶ್ಚಿಮಕ್ಕೆ, ಮೇಯೋ ಜಿಲ್ಲೆಯ ಅಂಚಿನಲ್ಲಿದೆ. ನಮ್ಮ ಕಡೆ ಒಂದು ಮದುವೆ ಊಟಕ್ಕೆ ಸೇರುವಷ್ಟು ಜನವೂ ಅಲ್ಲಿಲ್ಲ.

1951ರಲ್ಲಿ ಹಾಲಿವುಡ್‌ನವರು ಬಂದು ಇಲ್ಲಿ ಸಿನಿಮಾ ತೆಗೆದರು. ಪ್ರವಾಸಿಗರು ಜಾಸ್ತಿ ಬರುವುದು ಅದಕ್ಕೇ. ಇನ್ನು ಕೆಲವರು ಪಕ್ಕದ ಆಶ್‌ಫರ್ಡ್ ಕೋಟೆಗೆ ಬರುತ್ತಾರೆ. ಹಿಂದೆ ಗಿನ್ನೆಸ್ ಬಿಯರ್ ಮನೆತನದ್ದಾಗಿದ್ದ ಅದು ಈಗ ದುಬಾರಿ ಹೋಟೆಲ್. ನನಗೆ ಮಾತ್ರ ಕುತೂಹಲ ಇರುವುದು ಅಲ್ಲಿನ ಒಂದು ಕಾಲುವೆಯ ಮೇಲೆ. ಕೆತ್ತಿದ ಕಲ್ಲಿನ ಗೋಡೆ, ಸೇತುವೆ, ದೋಣಿಗಳನ್ನು ಏರಿಸಿ ಇಳಿಸುವ ಕಟ್ಟೆ, ಎಲ್ಲಾ ಇವೆ. ನೀರೊಂದು ಬಿಟ್ಟು! ಬೇಸಿಗೆಯಲ್ಲಿ ತಳದ ತುಂಬಾ ಹುಲ್ಲು.

ಯಾಕೆ ಹೀಗೆ? ಊರಿನ ಉತ್ತರಕ್ಕೆ ಮಾಸ್ಕ್ ಸರೋವರ, ದಕ್ಷಿಣಕ್ಕೆ ಕಾರಿಬ್ ಸರೋವರ. ನಡುವೆ ಕೆಲವೇ ಕಿಲೋಮೀಟರ್ ನೆಲ. ಕಾಂಗ್ ಅನ್ನುವ ಹೆಸರಿಗೂ ಐರಿಶ್ ಭಾಷೆಯಲ್ಲಿ ಇಂಥ ಇಕ್ಕಟ್ಟಾದ ನೆಲ ಅಂತಲೇ ಅರ್ಥ. ಮಾಸ್ಕ್ ಮೇಲೆ, ಕಾರಿಬ್ ಕೆಳಗೆ. ನಡುವಿನ ನೆಲವೋ ಸುಣ್ಣಕಲ್ಲು. ನೀರು ಆ ಕಲ್ಲನ್ನು ಕರಗಿಸಿ ಒಳಗೇ ದಾರಿ ಮಾಡಿಕೊಂಡಿದೆ. ಮಾಸ್ಕ್‌ನ ನೀರು ನೆಲದಡಿ ಮಾಯವಾಗಿ, ಕಾಂಗ್‌ನಲ್ಲಿ ಬುಗ್ಗೆಯಾಗಿ ಎದ್ದು, ಕಾರಿಬ್ ಸೇರುತ್ತದೆ. ಹತ್ತಿರದ ಕಾಡಿನಲ್ಲಿ ಪಿಜನ್ ಹೋಲ್ ಅನ್ನುವ ಗುಹೆ ಇದೆ. ಕಲ್ಲಿನ ಮೆಟ್ಟಿಲು ಇಳಿದು ಹೋದರೆ ನೆಲದಡಿಯ ಆ ಹೊಳೆ ಕಣ್ಣಿಗೇ ಕಾಣುತ್ತದೆ.

ಈ ನೀರನ್ನು ಚೆನ್ನಾಗಿ ಬಳಸಿಕೊಂಡವರು ಊರಿನ ಮಠದ ಸನ್ಯಾಸಿಗಳು. ಐರ್ಲೆಂಡಿನ ಕೊನೆಯ ಮಹಾರಾಜ ರೋರಿ ಓ'ಕಾನರ್ ಗದ್ದುಗೆ ಬಿಟ್ಟು ಬಂದು 1198ರಲ್ಲಿ ಕಣ್ಣು ಮುಚ್ಚಿದ್ದು ಇದೇ ಮಠದಲ್ಲಿ. ಆದರೆ ನನಗೆ ರಾಜನಿಗಿಂತ ಅಲ್ಲಿನ ಮೀನುಮನೆಯೇ ಇಷ್ಟ. ಹೊಳೆಯ ಮೇಲೇ ಕಟ್ಟಿದ ಪುಟ್ಟ ಕಲ್ಲಿನ ಕೋಣೆ ಅದು. ನೆಲದಲ್ಲೊಂದು ಕಿಂಡಿ, ಕೆಳಗೆ ಹರಿಯುವ ನೀರು. ಮಳೆಯಲ್ಲಿ ನೆನೆಯದೆ, ಬೆಚ್ಚಗೆ ಒಲೆಯ ಮುಂದೆ ಕೂತು ಕಿಂಡಿಯಿಂದಲೇ ಮೀನು ಹಿಡಿಯುತ್ತಿದ್ದರಂತೆ. ಅಲ್ಲಿಂದ ಮಠದ ಅಡುಗೆಮನೆಗೆ ಒಂದು ಹಗ್ಗ. ಮೀನು ಸಿಕ್ಕರೆ ಹಗ್ಗ ಜಗ್ಗಿದರಾಯಿತು, ಅಲ್ಲಿ ಗಂಟೆ ಬಾರಿಸುತ್ತಿತ್ತು ಅನ್ನುತ್ತಾರೆ. ಸುಖವಾದ ಸನ್ಯಾಸ, ಅಲ್ವಾ?

ಇನ್ನು ಕಾಲುವೆಗೆ ಬರೋಣ. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಬಡವರಿಗೆ ಮೂರು ಹೊತ್ತೂ ಅದೇ ಊಟ. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ಆ ಬರಗಾಲದಲ್ಲೇ, 1848ರಲ್ಲಿ, ಎರಡು ಸರೋವರಗಳನ್ನು ಸೇರಿಸುವ ಈ ಕಾಲುವೆ ಕೆಲಸ ಶುರುವಾಯಿತು. ಹಸಿದವರು ಕೂಲಿಗೆ ಬಂದು ಕಲ್ಲು ಒಡೆದರು. ಆದರೆ ತೂತು ತೂತಾದ ನೆಲದಲ್ಲಿ ನೀರು ನಿಂತೀತೇ? 1854ರಲ್ಲಿ ಕೆಲಸ ನಿಲ್ಲಿಸಿದರು. ಪಿಜನ್ ಹೋಲ್‌ಗೆ ಇಳಿದು ನೋಡಿದ್ದ ಯಾವ ಮುದುಕಿಯನ್ನು ಕೇಳಿದ್ದರೂ ನೀರು ಎಲ್ಲಿ ಹೋಗುತ್ತದೆ ಅಂತ ಹೇಳುತ್ತಿದ್ದಳು ಅನ್ನಿಸುತ್ತದೆ ನನಗೆ.

ಇದೇ ಸೀಮೆಯ ಇನ್ನೊಂದು ಸಂಗತಿ ನಿಮಗೆ ಗೊತ್ತಿಲ್ಲದೆಯೇ ಗೊತ್ತು. ಕಾಂಗ್‌ನಿಂದ ಸ್ವಲ್ಪ ಉತ್ತರಕ್ಕೆ, ಮಾಸ್ಕ್ ಸರೋವರದ ದಡದಲ್ಲಿ, ಜಮೀನ್ದಾರನ ಪರವಾಗಿ ಗೇಣಿ ವಸೂಲಿ ಮಾಡುವ ಏಜೆಂಟ್ ಒಬ್ಬನಿದ್ದ. ಅವನ ಹೆಸರು ಕ್ಯಾಪ್ಟನ್ ಬಾಯ್ಕಾಟ್! 1880ರಲ್ಲಿ ಗೇಣಿ ಇಳಿಸಿ ಅಂತ ಒಕ್ಕಲುಗಳು ಕೇಳಿದಾಗ ಇವನು ಅವರನ್ನು ಒಕ್ಕಲೆಬ್ಬಿಸಲು ಹೊರಟ. ಜನ ಅವನ ಮೈ ಮುಟ್ಟಲಿಲ್ಲ. ಸುಮ್ನೆ ದೂರ ಸರಿದರು. ಆಳುಗಳು ಬರಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಇದಕ್ಕೊಂದು ಹೆಸರು ಬೇಕಾಯಿತು. ದೊಡ್ಡ ಇಂಗ್ಲಿಷ್ ಪದ ಹಾಕಿದರೆ ರೈತರಿಗೆ ಅರ್ಥವಾಗದು ಅಂತ ಊರಿನ ಪಾದ್ರಿ ಜಾನ್ ಓ'ಮ್ಯಾಲಿ ಅವನ ಹೆಸರನ್ನೇ ಸೂಚಿಸಿದರು. ಬೆಳೆ ಕೀಳಲು ಹೊರಗಿನಿಂದ 50 ಆಳುಗಳು ಬಂದರು. ಅವರ ಕಾವಲಿಗೆ ಸುಮಾರು 1,000 ಪೊಲೀಸರು, ಸೈನಿಕರು! ಒಂದೊಂದು ಟರ್ನಿಪ್ ಗಡ್ಡೆಗೂ ಒಂದೊಂದು ಶಿಲ್ಲಿಂಗ್ ಖರ್ಚು ಅಂತ ಒಕ್ಕಲುಗಳ ಪರ ನಿಂತಿದ್ದ ಐರಿಶ್ ನಾಯಕ ಪಾರ್ನೆಲ್ ಗೇಲಿ ಮಾಡಿದ.

ನೀವು ಯಾವಾಗಲಾದರೂ ಕಾಂಗ್‌ಗೆ ಹೋದರೆ ಬೇಸಿಗೆಯಲ್ಲೇ ಹೋಗಿ. ಚಳಿಗಾಲದ ಮಳೆಗೆ ಕಾಲುವೆಯಲ್ಲಿ ಒಂದಿಷ್ಟು ನೀರು ಬಂದಿರುತ್ತದೆ. ಆಗ ನೋಡಿದರೆ, ದೋಣಿ ಈಗ ಬರಬಹುದು ಅನ್ನಿಸಿಬಿಡುತ್ತದೆ.