ಹದಿನೇಳೋ, ಇಪ್ಪತ್ತೋ?

(ವಿಶ್ವ ಛಾಯಾಗ್ರಹಣ ದಿನದಂದು ಧಾರವಾಡದ ಹವ್ಯಾಸಿಗಳ ಸಭೆಯಲ್ಲಿ ಆಡಿದ ಮಾತು)

ಗೆಳೆಯರೇ,

1839ರ ಡಾಗೆರೋಟೈಪ್ ಎಂಬ ಹಳೆಯ ಛಾಯಾಚಿತ್ರ ವಿಧಾನದ ಇತಿಹಾಸವನ್ನು ಹಿಂದಿನ ಭಾಷಣಕಾರರೇ ಮುಗಿಸಿದ್ದಾರೆ. ನನ್ನ ಹೊರೆ ಇಳಿಯಿತು. ನನ್ನ ಬಳಿ ಉಳಿದಿರುವುದು ಎರಡು ಪುಟ್ಟ ಲೆನ್ಸುಗಳು. ಪ್ಯಾನಾಸೋನಿಕ್ 20 ಎಂ.ಎಂ. ಎಫ್/1.7, ಎರಡನೆಯ ಆವೃತ್ತಿ, 87 ಗ್ರಾಂ. ಒಲಿಂಪಸ್ 17 ಎಂ.ಎಂ. ಎಫ್/1.8, 120 ಗ್ರಾಂ. ಎರಡೂ ಮೈಕ್ರೋ ಫೋರ್ ಥರ್ಡ್ಸ್ ಎಂಬ, ಲೆನ್ಸು ಬದಲಿಸಬಹುದಾದ ಪುಟ್ಟ ಕ್ಯಾಮೆರಾಗಳವು. ಎಂ.ಎಂ. ಅಂಕಿ ಕಿರಿದಾದಷ್ಟೂ ನೋಟ ಅಗಲ, ಎಫ್ ಅಂಕಿ ಕಿರಿದಾದಷ್ಟೂ ಬೆಳಕು ಹೆಚ್ಚು.

ಇವುಗಳ ಬಗ್ಗೆ ಕೇಳುವವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಯಾವುದು ಹೆಚ್ಚು ಶಾರ್ಪ್? ನಾನು ಮರಳಿ ಕೇಳುವುದು ಇಷ್ಟೇ: ನೀವು ತೆಗೆಯುವ ವಸ್ತು ಕದಲುತ್ತದೆಯೋ, ಇಲ್ಲವೋ?

ಬ್ಯಾಡಗಿ ಮಾರುಕಟ್ಟೆಗೆ ಸುಗ್ಗಿಯಲ್ಲಿ ಹೋದವರಿಗೆ ಗೊತ್ತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಮೂಗಿಗೆ ಈ ಮಾತು ತಿಳಿದಿಲ್ಲ. ಕೆಂಪು ರಾಶಿಯ ಮುಂದೆ ಒಬ್ಬ ಹಮಾಲರು ಚೀಲ ಸುರುವುತ್ತಿದ್ದರು. ಘಾಟು ಎದ್ದಿತು, ಅವರ ಮುಖ ಸೀನಿಗೆ ಸಿದ್ಧವಾಯಿತು: ಹುಬ್ಬು ಮೇಲೆ, ಬಾಯಿ ಅರ್ಧ ತೆರೆದು, ಕಣ್ಣು ಮುಚ್ಚಿ. ನಾನು ಗುಂಡಿ ಒತ್ತಿದೆ. ನನ್ನ 20 ಎಂ.ಎಂ. ಲೆನ್ಸು ಗುರ್ರೆಂದು ಮುಂದೆ ಹೋಯಿತು, ಹಿಂದೆ ಬಂದಿತು, ಮತ್ತೆ ಯೋಚಿಸಿತು. ಅಷ್ಟರಲ್ಲಿ ಅವರು ಸೀನಿದರು, ಪಕ್ಕದ ದಲಾಲರು ಸೀನಿದರು, ನಾನೂ ಸೀನಿದೆ. ಫೋಕಸ್ ಆಮೇಲೆ ಸಿಕ್ಕಿತು. ಅವರು ವಲ್ಲಿಯಿಂದ ಮೂಗು ಒರೆಸಿಕೊಂಡು, "ಸಾಹೇಬರೇ, ಇನ್ನೊಮ್ಮೆ ಸೀನಬೇಕೇ?" ಎಂದು ಕೇಳಿದರು.

ಕಾರಣ ಸರಳ. 20ರಲ್ಲಿ ಫೋಕಸ್ ಮಾಡುವಾಗ ಒಳಗಿನ ಗಾಜುಗಳೆಲ್ಲ ಒಟ್ಟಿಗೆ ಮುಂದೆ ಹಿಂದೆ ಸರಿಯಬೇಕು. 17ರಲ್ಲಿ ಒಳಗಿನ ಹಗುರ ಭಾಗವಷ್ಟೇ ಸದ್ದಿಲ್ಲದೆ ಸರಿಯುತ್ತದೆ. ಅದರ ಉಂಗುರವನ್ನು ಹಿಂದಕ್ಕೆ ಎಳೆದರೆ ದೂರದ ಅಂಕಿಗಳು ಕಾಣುತ್ತವೆ. ಎರಡು ಮೀಟರಿಗೆ ನಿಲ್ಲಿಸಿ, ಬೆಳಕಿನ ಕಿಂಡಿ ಕಿರಿದಾಗಿಸಿ ಎಫ್/8 ಇಡಿ. ಸುಮಾರು 1.1 ಮೀಟರಿನಿಂದ ಹತ್ತು ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಆಮೇಲೆ ಯಾರು ಬೇಕಾದರೂ ಸೀನಲಿ.

ಹಾಗಾದರೆ 20 ಕೆಟ್ಟದ್ದೇ? ಲಕ್ಕುಂಡಿಗೆ ಒಯ್ಯಿರಿ. ಕಾಶಿವಿಶ್ವನಾಥ ಗುಡಿಯ ಬಾಗಿಲುವಾಡದ ಕೆತ್ತನೆ ಶತಮಾನಗಳಿಂದ ಕದಲಿಲ್ಲ. ನಿಮ್ಮ ಲೆನ್ಸಿಗಾಗಿ ಇನ್ನರ್ಧ ಕ್ಷಣ ಕಾಯುತ್ತದೆ. 20 ಸೆಂಟಿಮೀಟರ್ ಹತ್ತಿರದವರೆಗೂ ಅದು ಫೋಕಸ್ ಮಾಡುತ್ತದೆ, 17ಕ್ಕೆ 25 ಬೇಕು. 1.7 ಮತ್ತು 1.8ರ ನಡುವಿನ ಬೆಳಕಿನ ಅಂತರಕ್ಕೆ ಜಗಳವಾಡುವವರು ಜಗಳವಾಡಲಿ, ನನಗೆ ಅದು ಕಂಡಿಲ್ಲ.

ಹಿಂದಿನ ಸಾಲಿನವರೊಬ್ಬರು ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆ ತಲೆಯ ಬಾತುಗಳ ಬಗ್ಗೆ ಕೇಳುತ್ತಿದ್ದಾರೆ. ಸ್ವಾಮಿ, ಇವೆರಡರಲ್ಲಿ ಯಾವುದರಿಂದ ತೆಗೆದರೂ ಆ ಹಕ್ಕಿ ಎಳ್ಳುಕಾಳಿನಷ್ಟೇ. ಪ್ರೈಮ್ ಲೆನ್ಸಿನಲ್ಲಿ ಜೂಮ್ ಇಲ್ಲ, ನಡೆಯಬೇಕು. ಅಭ್ಯಾಸಕ್ಕೆ ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರ್ಮ್ ಇದ್ದೇ ಇದೆ.

ಚೀಟಿ ಬಂದಿತು, ಸಮಯ ಮುಗಿಯಿತಂತೆ. ನೋಟದ ಅಗಲದ ಬಗ್ಗೆ ಬಹಳ ಬರೆದುಕೊಂಡಿದ್ದೆ, ಬಿಡಿ. ಎರಡು ಮೀಟರ್ ದೂರದಿಂದ 17ಕ್ಕೆ ಸುಮಾರು ಎರಡು ಮೀಟರ್ ಅಗಲ ಸಿಗುತ್ತದೆ, 20ಕ್ಕೆ ಒಂದೂಮುಕ್ಕಾಲು. ಫಿಲ್ಟರ್ ಎರಡಕ್ಕೂ 46 ಎಂ.ಎಂ., ಒಂದನ್ನೇ ಕೊಂಡರೆ ಸಾಕು. ಒಂದೇ ಲೆನ್ಸು ಕೊಳ್ಳುವಷ್ಟು ಹಣವಿದ್ದರೆ 17 ಕೊಳ್ಳಿ. ಮನುಷ್ಯರ ಚಿತ್ರ ತೆಗೆಯುವವರಿಗೆ ನನ್ನ ಉತ್ತರ ಅದೇ. ಎರಡನ್ನೂ ಮೇಜಿನ ಮೇಲೆ ಇಟ್ಟಿದ್ದೇನೆ, ನಿಮ್ಮ ಕ್ಯಾಮೆರಾಗಳಿಗೆ ಹಾಕಿ ನೋಡಿ. ಮಿರ್ಚಿ ಭಜಿ ಹಿಡಿದವರು ಮಾತ್ರ ಕೈ ತೊಳೆದುಕೊಂಡು ಬನ್ನಿ.